ಮನೋಬಲವೂ ಒಂದು ಪ್ರಾಣ

ಜೈನ ಸಿದ್ಧಾಂತವು ಪ್ರಾಣವೆಂದರೆ ಉಸಿರು ಮಾತ್ರವೆಂದು ಎಣಿಸಿಲ್ಲ. ಮನಸ್ಸುಳ್ಳ ಪಂಚೇಂದ್ರಿಯ ಜೀವಕ್ಕೆ ಅದು ಹತ್ತು ಪ್ರಾಣಗಳನ್ನು ಹೇಳುತ್ತದೆ: ಐದು ಇಂದ್ರಿಯಗಳು, ಮನೋಬಲ, ವಚನಬಲ, ಕಾಯಬಲ ಎಂಬ ಮೂರು ಬಲಗಳು, ಶ್ವಾಸೋಚ್ಛ್ವಾಸ ಮತ್ತು ಆಯುಷ್ಯ. ಪ್ರಮಾದಕ್ಕೆ ವಶವಾಗಿ ಇವುಗಳಲ್ಲಿ ಯಾವುದಕ್ಕೆ ಘಾತವುಂಟುಮಾಡಿದರೂ ಅದು ಹಿಂಸೆಯೇ ಎಂಬುದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹೇಳಿರುವ ಹಿಂಸಾಲಕ್ಷಣದ ತಾತ್ಪರ್ಯ. ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತದ ಬಳಿಕ ಉಣ್ಣದ, ನೆಲ ನೋಡಿ ಹೆಜ್ಜೆಯಿಡುವ ಶ್ರಾವಕ ಕುಟುಂಬಗಳು ಕಾಯಕ್ಕೆ ಆಗುವ ಹಿಂಸೆಯ ವಿಷಯದಲ್ಲಿ ತೋರುವ ಎಚ್ಚರ ದೊಡ್ಡದು. ಮನೋಬಲವೆಂಬ ಪ್ರಾಣದ ವಿಷಯದಲ್ಲಿಯೂ ಅದೇ ಎಚ್ಚರವಿದೆಯೇ ಎಂಬ ಪ್ರಶ್ನೆ ಬಹಳ ತೀಕ್ಷ್ಣವಾಗಿ ಎದುರಾಗುವುದು ಬಸಿರು ಬಾಣಂತನಗಳ ಮನೆಯಲ್ಲಿ.

ಮಗು ಹುಟ್ಟಿದ ಮನೆಯಲ್ಲಿ ಎಲ್ಲರೂ ಸಂತೋಷವನ್ನೇ ನಿರೀಕ್ಷಿಸುತ್ತಾರೆ. ಆದ್ದರಿಂದಲೇ ಅಲ್ಲಿ ದುಃಖಕ್ಕೆ ಜಾಗವಿರುವುದಿಲ್ಲ. ಬಾಣಂತಿಯು ಕಾರಣವಿಲ್ಲದೆ ಕಣ್ಣೀರಿಡುತ್ತಿದ್ದರೆ, ಮಗು ಮಲಗಿದಾಗಲೂ ಅವಳಿಗೆ ನಿದ್ರೆ ಬಾರದಿದ್ದರೆ, ತಾನು ತಾಯಿಯಾಗಲು ಯೋಗ್ಯಳಲ್ಲವೆಂದು ಅವಳು ಮತ್ತೆ ಮತ್ತೆ ಹೇಳುತ್ತಿದ್ದರೆ, ಸುತ್ತಲಿನವರು ಸಾಮಾನ್ಯವಾಗಿ ಮೂರು ಉತ್ತರಗಳನ್ನು ಕೊಡುತ್ತಾರೆ. ದೃಷ್ಟಿಯಾಗಿದೆ ಅಥವಾ ಗಾಳಿ ಸೋಕಿದೆ ಎಂಬುದು ಮೊದಲನೆಯದು. ಹಟ, ಸೋಮಾರಿತನ, ತವರಿನ ಮುದ್ದು ಎಂಬುದು ಎರಡನೆಯದು. ಅವಳ ಪೂರ್ವಕರ್ಮ ಎಂಬುದು ಮೂರನೆಯದು. ಮೊದಲೆರಡನ್ನು ವಿವೇಕಿಗಳು ಬೇಗ ಬಿಡುತ್ತಾರೆ. ಮೂರನೆಯದು ಧರ್ಮದ ಮಾತನ್ನೇ ಬಳಸುವುದರಿಂದ ಅದನ್ನು ಪರೀಕ್ಷಿಸದೆ ಬಿಡುವಂತಿಲ್ಲ. ಅದಕ್ಕೆ ಮುನ್ನ ಈ ವ್ಯಾಧಿಯ ಸ್ವರೂಪವನ್ನು ತಿಳಿಯಬೇಕು.

ಹೆರಿಗೆಯಾದ ಮೊದಲ ವಾರದಲ್ಲಿ ಬಹುಪಾಲು ತಾಯಂದಿರಿಗೆ ಮನಸ್ಸು ಅಸ್ಥಿರವಾಗುತ್ತದೆ, ಸಣ್ಣ ಮಾತಿಗೂ ಅಳು ಬರುತ್ತದೆ. ವಿಶ್ರಾಂತಿ ಮತ್ತು ಸಮಾಧಾನದ ಮಾತುಗಳಿಂದ ಎರಡು ವಾರದೊಳಗೆ ಅದು ತಾನಾಗಿ ಶಮನವಾಗುತ್ತದೆ. ಇದು ವ್ಯಾಧಿಯಲ್ಲ. ಎರಡು ವಾರ ಮೀರಿಯೂ ಬೇಸರ, ನಿರಾಸಕ್ತಿ, ನಿದ್ರಾಹೀನತೆ, ಅಪರಾಧಿಭಾವ, ಮಗುವಿಗೆ ಏನಾಗುವುದೋ ಎಂಬ ಎಡೆಬಿಡದ ಭಯ, ಬದುಕುವುದೇ ಬೇಡವೆಂಬ ಆಲೋಚನೆ ಉಳಿದರೆ ಅದು ಖಿನ್ನತೆ ಅಥವಾ ಆತಂಕದ ವ್ಯಾಧಿ. ಅದು ಗರ್ಭಾವಸ್ಥೆಯಲ್ಲಿಯೇ ತಲೆದೋರಬಹುದು, ಹೆರಿಗೆಯಾಗಿ ಹಲವು ತಿಂಗಳುಗಳ ಬಳಿಕವೂ ಬರಬಹುದು. ಮೂರನೆಯದು ಹಳ್ಳಿಗಳಲ್ಲಿ ಬಾಣಂತಿ ಸನ್ನಿಯೆಂದು ಹೆಸರಾದ ತೀವ್ರ ಸ್ಥಿತಿ. ಸಾವಿರ ಹೆರಿಗೆಗಳಲ್ಲಿ ಒಂದೆರಡು ಕಡೆ ಕಾಣುವ ಅದರಲ್ಲಿ ತಾಯಿಯು ಇಲ್ಲದ್ದನ್ನು ಕಾಣುತ್ತಾಳೆ, ಇಲ್ಲದ್ದನ್ನು ಕೇಳುತ್ತಾಳೆ. ಇಂಥ ಸಮಯದಲ್ಲಿ ಒಂದು ದಿನವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಇದು ವಿರಳವಾದ ಸಂಗತಿಯೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ 2017ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಭಾರತದ 38 ಅಧ್ಯಯನಗಳನ್ನು, ಅಂದರೆ 20,000ಕ್ಕೂ ಹೆಚ್ಚು ತಾಯಂದಿರ ವಿವರಗಳನ್ನು ಒಟ್ಟುಗೂಡಿಸಿ, ಹೆರಿಗೆಯ ನಂತರದ ಖಿನ್ನತೆಯ ಪ್ರಮಾಣವನ್ನು ಶೇಕಡ 22 ಎಂದು ಅಂದಾಜು ಮಾಡಿತು. ಐವರು ಬಾಣಂತಿಯರಲ್ಲಿ ಒಬ್ಬಳು ಎಂದು ಇದರ ಅರ್ಥ. ತಂದೆಯಾದವರೂ ಇದರಿಂದ ಹೊರತಲ್ಲ. ಹಲವು ದೇಶಗಳ 43 ಅಧ್ಯಯನಗಳನ್ನು ಪರಿಶೀಲಿಸಿದ 2010ರ ಒಂದು ವಿಶ್ಲೇಷಣೆಯು ಗರ್ಭಾವಸ್ಥೆಯಿಂದ ಮಗುವಿಗೆ ಒಂದು ವರ್ಷ ತುಂಬುವವರೆಗಿನ ಅವಧಿಯಲ್ಲಿ ಸುಮಾರು ಶೇಕಡ 10ರಷ್ಟು ತಂದೆಯರಲ್ಲಿ ಖಿನ್ನತೆಯನ್ನು ಕಂಡಿತು. ತಾಯಿ ಖಿನ್ನಳಾಗಿರುವ ಮನೆಗಳಲ್ಲಿ ತಂದೆಯೂ ಹಾಗಾಗುವ ಸಂಭವ ಹೆಚ್ಚೆಂದೂ ಅದು ತೋರಿಸಿತು.

ಈ ವ್ಯಾಧಿಗೆ ದಾರಿಮಾಡಿಕೊಡುವ ಸಂಗತಿಗಳು ಯಾವುವು? 2017ರ ಸಮೀಕ್ಷೆಯು ಭಾರತದಲ್ಲಿ ಮುಖ್ಯವಾಗಿ ಕಂಡವುಗಳನ್ನು ಹೆಸರಿಸಿದೆ: ಹಣಕಾಸಿನ ಕಷ್ಟ, ಮನೆಯೊಳಗಿನ ಹೊಡೆತ ಬೈಗಳು, ತಾಯಿಗೆ ಹಿಂದೆ ಇದ್ದ ಮಾನಸಿಕ ಅಸ್ವಾಸ್ಥ್ಯ, ದಂಪತಿಗಳ ನಡುವಿನ ವಿರಸ, ಗಂಡನ ಆಸರೆಯಿಲ್ಲದಿರುವುದು, ಹೆಣ್ಣುಮಗುವಿನ ಜನನ. ಗೋವಾದ ತಾಯಂದಿರನ್ನು ಕುರಿತು 2002ರಲ್ಲಿ ಪ್ರಕಟವಾದ ಅಧ್ಯಯನವೂ ಬಡತನ ಮತ್ತು ಗಂಡುಮಗುವಿನ ಹಂಬಲಗಳನ್ನೇ ಎತ್ತಿ ತೋರಿಸಿತ್ತು. ಇವುಗಳ ಜೊತೆಗೆ ಹಿಂದಿನ ಗರ್ಭಪಾತ ಅಥವಾ ಶಿಶುಮರಣ, ಕಷ್ಟದ ಹೆರಿಗೆ, ಬಯಸದೆ ಬಂದ ಗರ್ಭ, ತೀರ ಎಳೆಯ ವಯಸ್ಸು, ನಿದ್ರೆಗೇಡು, ರಕ್ತಹೀನತೆ, ಥೈರಾಯ್ಡ್ ತೊಂದರೆ ಮುಂತಾದವನ್ನೂ ವೈದ್ಯರು ಗಮನಿಸುತ್ತಾರೆ. ಈ ಪಟ್ಟಿಯನ್ನು ನಿಧಾನವಾಗಿ ಓದಿದವರಿಗೆ ಒಂದು ವಿಷಯ ಹೊಳೆಯದಿರದು. ಇದರಲ್ಲಿ ಕೆಲವು ಮಾತ್ರ ತಾಯಿಯ ಶರೀರಕ್ಕೆ ಸೇರಿದವು. ಉಳಿದವು ಅವಳ ಸುತ್ತಲಿನವರು ಮಾಡಿದವು, ಇಲ್ಲವೇ ಮಾಡದೆ ಬಿಟ್ಟವು. ಹೆಣ್ಣುಮಗುವಿನ ಜನನವು ಸ್ವತಃ ಯಾವ ತಾಯಿಯನ್ನೂ ಖಿನ್ನಳನ್ನಾಗಿ ಮಾಡುವುದಿಲ್ಲ. ತೊಟ್ಟಿಲ ಸುತ್ತ ನಿಂತವರ ಮುಖಗಳು ಹಾಗೆ ಮಾಡುತ್ತವೆ.

ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂಬ ಒಂದೇ ಹೆಸರಿನಡಿ ಸೇರಿರುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನು ತೆಗೆದುಕೊಂಡರೆ ಈ ಸಂಗತಿಗಳು ಪುಸ್ತಕದ ಮಾತುಗಳಾಗಿ ಉಳಿಯುವುದಿಲ್ಲ. ಮಧುಗಿರಿಯ ಮಲ್ಲಿನಾಥ ಬಸದಿ, ನಿಡುಗಲ್ಲಿನ ಪಾರ್ಶ್ವನಾಥ ಬಸದಿಗಳು ಸಾಕ್ಷಿ ಹೇಳುವಂತೆ ಜಿನಧರ್ಮಕ್ಕೆ ಇಲ್ಲಿ ಶತಮಾನಗಳ ಬೇರಿದೆ. ಆದರೆ ನೆಲ ಮಳೆಯನ್ನು ನೆಚ್ಚಿದ್ದು, ಮಳೆ ನೆಚ್ಚಿಕೆಗೆ ಬಾರದ್ದು. ಕಡಲೆಕಾಯಿ ಬೆಳೆ ಒಣಗಿದ ವರ್ಷ, ಕೊರೆಸಿದ ಬಾವಿಯಲ್ಲಿ ನೀರು ಬಾರದ ವರ್ಷ, ಸಾಲದ ಚಿಂತೆ ಮನೆಯ ಒಳಕೋಣೆಯವರೆಗೂ ಬರುತ್ತದೆ. ದುಡಿಯಲು ಬೆಂಗಳೂರಿಗೆ ಹೋದ ಗಂಡ ವಾರಕ್ಕೋ ತಿಂಗಳಿಗೋ ಒಮ್ಮೆ ಬರುತ್ತಾನೆ. ಪಾವಗಡದ ಬಹುಭಾಗವನ್ನು ಆಂಧ್ರಪ್ರದೇಶ ಸುತ್ತುವರಿದಿದೆ. ಗಡಿಯಾಚೆಯಿಂದ ಬಂದ ಸೊಸೆಗೆ ಕೊಟ್ಟ ಮನೆಯ ಮಾತು, ಅಡಿಗೆ, ರೀತಿ ಎಲ್ಲವೂ ಹೊಸದಾಗಿರುವುದುಂಟು. ಹೆರಿಗೆ ಕಷ್ಟವಾದರೆ ಪಾವಗಡದಿಂದ ಜಿಲ್ಲಾ ಕೇಂದ್ರವಾದ ತುಮಕೂರಿಗೆ ಸುಮಾರು 100 ಕಿಲೋಮೀಟರ್ ದೂರ ಹೋಗಬೇಕು. ಆ ದಾರಿಯನ್ನು ನೋವಿನಲ್ಲಿ ಕ್ರಮಿಸಿದ ತಾಯಿಯ ಮನಸ್ಸಿನಲ್ಲಿ ಭಯವು ಮಗುವಿನೊಡನೆಯೇ ಹುಟ್ಟುತ್ತದೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ವಾಡಿಕೆ ಒಳ್ಳೆಯ ಆಸರೆ. ಆದರೆ ಮೂರನೆಯ ಅಥವಾ ಐದನೆಯ ತಿಂಗಳಲ್ಲಿ ಅವಳು ಮಗುವಿನೊಡನೆ ಗಂಡನ ಮನೆಗೆ ಮರಳುವಾಗ ಆ ಆಸರೆ ಒಮ್ಮೆಲೇ ಕಳಚುತ್ತದೆ. ನಿದ್ರೆಯಿಲ್ಲದ ರಾತ್ರಿಗಳ ಮೇಲೆ ಮನೆಗೆಲಸದ ಭಾರವೂ ಬೀಳುತ್ತದೆ.

ಒಂಟಿತನ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಇದೇ ಜಿಲ್ಲೆ ಒಂದು ಕಠಿಣ ಉದಾಹರಣೆಯನ್ನು ಕಂಡಿದೆ. 2023ರ ಜುಲೈ ತಿಂಗಳಲ್ಲಿ ತುಮಕೂರು ಸಮೀಪದ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಸೂತಕದ ಕಾರಣದಿಂದ ಊರ ಹೊರಗಿನ ಗುಡಿಸಿಲಿನಲ್ಲಿ ಬಾಣಂತಿಯೊಬ್ಬಳನ್ನು ಹಸುಗೂಸಿನೊಡನೆ ಇರಿಸಲಾಗಿತ್ತು. ಮಳೆ ಚಳಿಗಳಲ್ಲಿ ಆ ಮಗು ಅಸ್ವಸ್ಥವಾಗಿ ತೀರಿಕೊಂಡಿತು. ಇದನ್ನು ಮತ್ತೊಂದು ಸಮುದಾಯದ ಮೌಢ್ಯವೆಂದು ಓದಿ ಪತ್ರಿಕೆಯನ್ನು ಮಡಿಸಿಡುವುದು ಸುಲಭ. ಜೈನ ಗೃಹಗಳಲ್ಲಿಯೂ ಸೂತಕವಿದೆ. ಆ ದಿನಗಳಲ್ಲಿ ಬಾಣಂತಿಯು ಬಸದಿಗೆ ಹೋಗುವುದಿಲ್ಲ, ಪೂಜೆಯ ಪಾತ್ರೆಗಳನ್ನು ಮುಟ್ಟುವುದಿಲ್ಲ. ವಿಧಿಯನ್ನು ವಿಧಿಯಾಗಿ ಪಾಲಿಸುವುದು ಬೇರೆ. ಅದನ್ನು ನೆಪಮಾಡಿಕೊಂಡು ಅವಳ ಕೋಣೆಯ ಹೊಸ್ತಿಲಲ್ಲಿಯೇ ತಟ್ಟೆಯನ್ನಿಟ್ಟು ಹಿಂದಿರುಗುವುದು ಬೇರೆ. ವಿಶ್ರಾಂತಿ ಅವಳನ್ನು ಕಾಯುತ್ತದೆ, ಏಕಾಂತವಾಸ ಅವಳನ್ನು ಕುಗ್ಗಿಸುತ್ತದೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆ ಒಂದು. ಶರೀರದ ಅಶುಚಿಯನ್ನು ಕಂಡು ಜುಗುಪ್ಸೆ ಪಡದಿರುವುದೇ ಅದರ ತಿರುಳು. ಬಾಣಂತಿಯ ಬಳಿ ಕುಳಿತುಕೊಳ್ಳಲಾರದ ಮನೆಯಲ್ಲಿ ಆ ಅಂಗಕ್ಕೆ ಎಡೆಯೆಲ್ಲಿ?

ಈಗ ಕರ್ಮದ ಮಾತಿಗೆ ಬರಬಹುದು. ಸಿದ್ಧಾಂತವು ಮನಸ್ಸಿನ ನೋವನ್ನು ಅಲ್ಲಗಳೆದಿಲ್ಲ. ಅಸಾತಾವೇದನೀಯ ಕರ್ಮದ ಉದಯದಿಂದ ದುಃಖಾನುಭವ. ಮೋಹನೀಯದ ನೋಕಷಾಯಗಳಲ್ಲಿ ಅರತಿ, ಶೋಕ, ಭಯಗಳನ್ನು ಪ್ರತ್ಯೇಕವಾಗಿ ಎಣಿಸಲಾಗಿದೆ. ಖಿನ್ನತೆ ಮತ್ತು ಆತಂಕದ ಲಕ್ಷಣಗಳಿಗೆ ಇವುಗಳಿಗಿಂತ ಹತ್ತಿರದ ಹೆಸರುಗಳು ಹಳೆಯ ಶಾಸ್ತ್ರಗಳಲ್ಲಿ ಸಿಗುವುದು ಕಷ್ಟ. ಹೀಗಿರುವಾಗ ಅವಳ ದುಃಖ ಅವಳ ಕರ್ಮವೆಂಬ ಮಾತಿನಲ್ಲಿ ತಪ್ಪೇನು ಎಂದು ಕೇಳಬಹುದು. ತಪ್ಪಿರುವುದು ಆ ಮಾತನ್ನು ಅರ್ಧಕ್ಕೆ ನಿಲ್ಲಿಸುವುದರಲ್ಲಿ. ಕರ್ಮವು ಉದಯಕ್ಕೆ ಬರುವಲ್ಲಿ ಬಾಹ್ಯ ನಿಮಿತ್ತಗಳೂ ಸೇರುತ್ತವೆ. ಬಂಧವಾದ ಕರ್ಮದ ಸ್ಥಿತಿ ಮತ್ತು ಫಲಶಕ್ತಿ ಕುಗ್ಗಬಹುದು, ಅದು ಬೇರೊಂದು ಪ್ರಕೃತಿಗೆ ಹೊರಳಬಹುದು ಎಂದು ಹೇಳುವ ಅಪಕರ್ಷಣ, ಸಂಕ್ರಮಣಗಳ ವಿಚಾರವೂ ಅದೇ ಸಿದ್ಧಾಂತದ್ದು. ಕರ್ಮವು ಹಣೆಬರಹವಾಗಿದ್ದರೆ ಪುರುಷಾರ್ಥದ ಬೋಧೆಯೇ ವ್ಯರ್ಥವಾಗುತ್ತಿತ್ತು. ಅಂಗಡಿಗೆ ಬೆಂಕಿ ಬಿದ್ದಾಗ ಅಂತರಾಯ ಕರ್ಮದ ಉದಯವೆಂದು ಕೈಕಟ್ಟಿ ಕುಳಿತ ವ್ಯಾಪಾರಿಯನ್ನು ಯಾರೂ ಕಂಡಿಲ್ಲ. ಅವನು ಮೊದಲು ನೀರು ತರುತ್ತಾನೆ. ತನ್ನ ಸರಕಿನ ವಿಷಯದಲ್ಲಿ ಪುರುಷಾರ್ಥ, ಸೊಸೆಯ ಕಣ್ಣೀರಿನ ವಿಷಯದಲ್ಲಿ ಕರ್ಮ ಎಂಬ ಎರಡು ಅಳತೆಗಳು ಒಂದೇ ಮನೆಯಲ್ಲಿ ಇರಲಾಗದು.

ಇನ್ನೂ ಗಂಭೀರವಾದ ಮಾತೊಂದಿದೆ. ಅಸಾತಾವೇದನೀಯಕ್ಕೆ ಆಸ್ರವ ಹೇಗಾಗುತ್ತದೆ ಎಂಬುದನ್ನು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ವಿವರಿಸುತ್ತದೆ. ದುಃಖ, ಶೋಕ, ತಾಪ, ಆಕ್ರಂದನ ಮೊದಲಾದವುಗಳನ್ನು ತನ್ನಲ್ಲಿ, ಪರರಲ್ಲಿ ಅಥವಾ ಇಬ್ಬರಲ್ಲಿಯೂ ಉಂಟುಮಾಡುವುದೇ ಅದರ ಕಾರಣವೆಂದು ಅಲ್ಲಿ ಹೇಳಿದೆ. ಪರರಲ್ಲಿ ಎಂಬುದು ಇಲ್ಲಿ ಗಮನಿಸತಕ್ಕ ಮಾತು. ಹೆಣ್ಣು ಹೆತ್ತಳೆಂದು ಚುಚ್ಚಿದ ನಾಲಗೆ, ವರದಕ್ಷಿಣೆಯ ಬಾಕಿಯನ್ನು ಸೀಮಂತದ ದಿನವೇ ನೆನಪಿಸಿದ ಬಾಯಿ, ಎತ್ತಿದ ಕೈ, ಕೇಳಿಯೂ ಕೇಳದಂತೆ ಮಲಗಿದ ಕಿವಿ ಇವೆಲ್ಲವೂ ಅವಳ ಉದಯಕ್ಕೆ ನಿಮಿತ್ತವಾಗುವಾಗಲೇ ತಮ್ಮ ಬಂಧವನ್ನು ತಾವೇ ಕಟ್ಟಿಕೊಳ್ಳುತ್ತಿರುತ್ತವೆ. ಅವಳ ಕರ್ಮವೆಂದು ಹೇಳಿ ಹೊಣೆ ಕಳೆದುಕೊಂಡವನು ಆ ಕ್ಷಣದಲ್ಲಿ ತನ್ನ ಕರ್ಮದ ಲೆಕ್ಕವನ್ನು ಮರೆತಿರುತ್ತಾನೆ.

ಇಲ್ಲಿ ಇನ್ನೊಂದು ಅತಿರೇಕಕ್ಕೂ ಹೋಗಬಾರದು. ಅತ್ಯಂತ ಪ್ರೀತಿಯ ಮನೆಯಲ್ಲಿಯೂ, ಹಣಕ್ಕೂ ಆಸರೆಗೂ ಕೊರತೆಯಿಲ್ಲದ ಕಡೆಯಲ್ಲಿಯೂ ಈ ವ್ಯಾಧಿ ಬರಬಹುದು. ಹಿಂದೆ ಖಿನ್ನತೆಯಿದ್ದವಳಿಗೆ, ಥೈರಾಯ್ಡ್ ಏರುಪೇರಾದವಳಿಗೆ ಯಾರ ತಪ್ಪೂ ಇಲ್ಲದೆ ಅದು ಮರಳಬಹುದು. ಆಗ ಅತ್ತೆಯನ್ನಾಗಲಿ ಗಂಡನನ್ನಾಗಲಿ ಕಟಕಟೆಗೆ ನಿಲ್ಲಿಸುವುದು ಇನ್ನೊಂದು ಅನ್ಯಾಯ. ಅಪಾಯದ ಸಂಗತಿಗಳನ್ನು ತಿಳಿಯುವುದು ಅಪರಾಧಿಯನ್ನು ಹುಡುಕಲಿಕ್ಕಲ್ಲ, ಯಾರ ಕಡೆ ಮೊದಲು ಕಣ್ಣಿಡಬೇಕೆಂದು ಅರಿಯಲಿಕ್ಕೆ. ಮಳೆಗಾಲದಲ್ಲಿ ಜೀವೋತ್ಪತ್ತಿ ಹೆಚ್ಚೆಂದು ತಿಳಿದ ಮುನಿಗಳು ಚಾತುರ್ಮಾಸದಲ್ಲಿ ವಿಹಾರ ನಿಲ್ಲಿಸುತ್ತಾರೆ. ಅಪಾಯದ ಕಾಲವನ್ನು ಅರಿತು ನಡೆಯನ್ನು ಬದಲಿಸುವುದು ಜೈನರಿಗೆ ಹೊಸ ಪಾಠವಲ್ಲ.

ವ್ರತನಿಷ್ಠೆಯೇ ಕೆಲವೊಮ್ಮೆ ತಾಯಿಯ ಮನಸ್ಸಿಗೆ ಭಾರವಾಗುವುದುಂಟು. ಮೊಲೆಯುಣಿಸುವ ತಾಯಿಗೆ ರಾತ್ರಿಯಲ್ಲಿ ಹಸಿವು ತಡೆಯಲಾರದಷ್ಟು ಬರುತ್ತದೆ. ದಶಲಕ್ಷಣ ಪರ್ವದಲ್ಲಿ ಓರಗೆಯವರು ಉಪವಾಸವಿರುವಾಗ ತಾನು ಉಣ್ಣಬೇಕಾಯಿತಲ್ಲ ಎಂಬ ಅಳುಕು ಗರ್ಭಿಣಿಯನ್ನು ಕಾಡುತ್ತದೆ. ಖಿನ್ನತೆಯ ಮೂಲಸ್ವಭಾವವೇ ಅಪರಾಧಿಭಾವ. ಅದಕ್ಕೆ ಧರ್ಮದ ಹೆಸರು ಸೇರಿದರೆ ಬೆಂಕಿಗೆ ತುಪ್ಪ ಸುರಿದಂತೆ. ತೀರ್ಥಂಕರ ನಾಮಕರ್ಮಕ್ಕೆ ಕಾರಣವಾದ ಹದಿನಾರು ಭಾವನೆಗಳಲ್ಲಿ ತ್ಯಾಗ ಮತ್ತು ತಪಸ್ಸುಗಳೆರಡನ್ನೂ ಶಕ್ತ್ಯನುಸಾರವಾಗಿ ಎಂಬ ವಿಶೇಷಣದೊಡನೆಯೇ ಹೇಳಿದೆ. ಆಚಾರ್ಯರು ಇಟ್ಟ ಆ ವಿಶೇಷಣವನ್ನು ಮನೆಯ ಹಿರಿಯರು ತೆಗೆದುಹಾಕುವುದು ಸಲ್ಲದು. ಹಾಗೆಯೇ, ಅಳುತ್ತಿರುವವಳಿಗೆ ಇದು ಆರ್ತಧ್ಯಾನ, ಇದರಿಂದ ದುರ್ಗತಿ ಎಂದು ಬೋಧಿಸುವುದೂ ಸಲ್ಲದು. ಜ್ವರ ಬಂದವನಿಗೆ ಮೈ ಏಕೆ ಬಿಸಿಮಾಡಿಕೊಂಡೆ ಎಂದು ಕೇಳಿದಂತೆ ಅದು. ಣಮೋಕಾರ ಮಂತ್ರದ ಜಪ ಅವಳಿಗೆ ಶಾಂತಿ ಕೊಟ್ಟರೆ ಒಳ್ಳೆಯದು. ಜಪದ ಜೊತೆಗೆ ಚಿಕಿತ್ಸೆಯೂ ಬೇಕಾದಾಗ ಒಂದನ್ನು ಮುಂದಿಟ್ಟು ಇನ್ನೊಂದನ್ನು ತಡೆಯುವುದು ಔಷಧದಾನವನ್ನು ಪುಣ್ಯವೆಂದ ಪರಂಪರೆಗೆ ಒಪ್ಪುವುದಿಲ್ಲ.

ಮನೆತನದ ಮರ್ಯಾದೆಗಾಗಿ ವ್ಯಾಧಿಯನ್ನು ಮುಚ್ಚಿಡುವವರು ಉಪಗೂಹನ ಅಂಗವನ್ನು ನೆಪವಾಗಿ ಹೇಳಬಹುದು. ಪರರ ದೋಷವನ್ನು ಬೀದಿಯ ಬಾಯಿಗೆ ಹಾಕದಿರುವುದು ಉಪಗೂಹನ. ಗಾಯವನ್ನು ವೈದ್ಯನಿಂದ ಬಚ್ಚಿಡುವುದಕ್ಕೆ ಆ ಹೆಸರು ಸಲ್ಲದು. ಅದರ ಬೆನ್ನಿಗೇ ಸ್ಥಿತಿಕರಣವನ್ನೂ ವಾತ್ಸಲ್ಯವನ್ನೂ ಹೇಳಿರುವುದು ಸುಮ್ಮನೆ ಅಲ್ಲ. ಜಾರುತ್ತಿರುವವರ ಕೈಹಿಡಿದು ನಿಲ್ಲಿಸುವುದು ಸ್ಥಿತಿಕರಣ. ಹಸು ಕರುವಿನಲ್ಲಿ ಇಡುವಂಥ ಪ್ರೀತಿ ವಾತ್ಸಲ್ಯ. ಕರುವಿಗೆ ವಾತ್ಸಲ್ಯ ದೊರೆಯಬೇಕಾದರೆ ಹಸುವಿನ ಆರೈಕೆಯೂ ಆಗಬೇಕು.

ಪುರಾಣಗಳು ಈ ಆರೈಕೆಯನ್ನು ಎಷ್ಟು ದೊಡ್ಡದಾಗಿ ಕಂಡಿವೆ ಎಂಬುದು ಪಂಚಕಲ್ಯಾಣ ಮಹೋತ್ಸವಗಳನ್ನು ನೋಡಿದವರಿಗೆಲ್ಲ ತಿಳಿದಿದೆ. ಗರ್ಭಕಲ್ಯಾಣದಲ್ಲಿ ಶ್ರೀ, ಹ್ರೀ, ಧೃತಿ ಮೊದಲಾದ ದೇವಿಯರು ಜಿನಮಾತೆಯ ಸೇವೆಗೆ ಬರುತ್ತಾರೆ. ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಅವರು ಮರುದೇವಿಯೊಡನೆ ಒಗಟುಗಳನ್ನು ಹೇಳುತ್ತಾರೆ, ಪ್ರಶ್ನೋತ್ತರದ ವಿನೋದದಲ್ಲಿ ತೊಡಗುತ್ತಾರೆ. ಗರ್ಭಿಣಿಯ ಮನಸ್ಸನ್ನು ಪ್ರಸನ್ನವಾಗಿಡುವುದು ದೇವಿಯರಿಗೂ ತಕ್ಕ ಕಾರ್ಯವೆಂದು ಕವಿ ಭಾವಿಸಿದ್ದಾನೆ. ಉತ್ಸವದಲ್ಲಿ ಆ ಸೇವೆಯನ್ನು ಅಭಿನಯಿಸಲು ಶ್ರಾವಿಕೆಯರು ಪೈಪೋಟಿಯಿಂದ ಮುಂದೆ ಬರುತ್ತಾರೆ. ಅದೇ ಬೀದಿಯ ನಿಜವಾದ ಗರ್ಭಿಣಿಯ ಬಳಿ ವಾರಕ್ಕೊಮ್ಮೆ ಹೋಗಿ ಕುಳಿತುಕೊಳ್ಳುವವರು ಎಷ್ಟು ಮಂದಿ?

ಬಸದಿಗಳ ಆಡಳಿತ ಮಂಡಳಿಗಳಿಗೆ ಇಲ್ಲಿ ಮಾಡತಕ್ಕ ಕೆಲಸ ಸ್ಪಷ್ಟವಾಗಿದೆ. ಕನ್ನಡನಾಡಿನ ಜೈನ ಶಾಸನಗಳಲ್ಲಿ ಮತ್ತೆ ಮತ್ತೆ ಕಾಣುವ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿಯೇ ಅದೆಲ್ಲವೂ ಅಡಗಿದೆ. ಗಂಡ ದೂರದಲ್ಲಿರುವ, ಕೈಯಲ್ಲಿ ಹಣವಿಲ್ಲದ ಬಾಣಂತಿಯ ಮನೆಗೆ ಕೆಲವು ವಾರಗಳ ಪಥ್ಯದ ಅಡಿಗೆ ಆಹಾರದಾನ. ತಾಲ್ಲೂಕು ಆಸ್ಪತ್ರೆಗೋ ಜಿಲ್ಲಾ ಆಸ್ಪತ್ರೆಗೋ ಅವಳ ಜೊತೆಗೆ ಹೋಗುವ ಒಬ್ಬರು, ಬಂಡಿಯ ಬಾಡಿಗೆ, ಔಷಧದ ವೆಚ್ಚ ಇವು ಭೈಷಜ್ಯದಾನ. ಎದೆಹಾಲು ಕೊಡುತ್ತಿರುವಾಗಲೂ ವೈದ್ಯರ ಸಲಹೆಯಂತೆ ತೆಗೆದುಕೊಳ್ಳಬಹುದಾದ ಔಷಧಗಳಿವೆ, ಮೊದಲೇ ಔಷಧ ಸೇವಿಸುತ್ತಿರುವವಳು ಗರ್ಭಿಣಿಯಾದೊಡನೆ ವೈದ್ಯರನ್ನು ಕೇಳದೆ ಅದನ್ನು ಬಿಡಬಾರದು, ದೂರವಾಣಿ ಸಂಖ್ಯೆ 14416ಕ್ಕೆ ಕರೆಮಾಡಿದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯಲ್ಲಿ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಾಯಿ ಮಗುವನ್ನು ಅಗಲಿಸದೆ ಚಿಕಿತ್ಸೆ ನೀಡುವ ವಿಭಾಗವು 2009ರಿಂದ ಇದೆ ಎಂಬ ತಿಳಿವನ್ನು ಪರ್ವದಿನಗಳ ಸಭೆಯಲ್ಲಿ ಹಂಚುವುದು ಶಾಸ್ತ್ರದಾನದ ಇಂದಿನ ರೂಪ.

ಕೊನೆಯದು ಅಭಯದಾನ. ಇದಕ್ಕೆ ಹಣ ಬೇಡ, ಪಾಂಡಿತ್ಯವೂ ಬೇಡ. ಪಾಕಿಸ್ತಾನದ ಹಳ್ಳಿಗಳಲ್ಲಿ ನಡೆದು 2008ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಮನೋವೈದ್ಯರಲ್ಲದ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರು ತರಬೇತಿ ಪಡೆದು ಖಿನ್ನರಾದ ಗರ್ಭಿಣಿಯರ ಮನೆಗೆ ಹೋಗಿ ಕ್ರಮವಾಗಿ ಮಾತನಾಡಿದರು. ಹೆರಿಗೆಯಾಗಿ ಆರು ತಿಂಗಳಾದಾಗ ಅವರಲ್ಲಿ ಖಿನ್ನತೆ ಉಳಿದದ್ದು ಶೇಕಡ 23ರಷ್ಟು ಮಂದಿಗೆ. ಅಂಥ ತರಬೇತಿಯಿಲ್ಲದ ಕಾರ್ಯಕರ್ತೆಯರು ಭೇಟಿಕೊಟ್ಟವರಲ್ಲಿ ಶೇಕಡ 53ರಷ್ಟು ಮಂದಿಗೆ. ಕಿವಿಗೊಟ್ಟು ಕೇಳುವುದನ್ನು ಕಲಿತ ಹೆಂಗಸೊಬ್ಬಳು ಎಷ್ಟು ಮಾಡಬಲ್ಲಳು ಎಂಬುದಕ್ಕೆ ಇದು ಪ್ರಮಾಣ. ಮಧುಗಿರಿಯಿಂದ ಪಾವಗಡದವರೆಗೆ ಯಾವ ಊರಿನ ಶ್ರಾವಿಕೆಯರಾದರೂ ಇದನ್ನು ಕಲಿಯಬಹುದು.

ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆಯು 3ನೆಯ ದಿನದಿಂದ 42ನೆಯ ದಿನದವರೆಗೆ ಆರು ಬಾರಿ ಬರಬೇಕೆಂದು ಸರ್ಕಾರದ ನಿಯಮವಿದೆ. ಮಗುವಿನ ತೂಕ ನೋಡುತ್ತಾಳೆ, ಮೈ ಬಿಸಿ ನೋಡುತ್ತಾಳೆ. ಆ ಬಳಿಕ ಭೇಟಿಗಳು ವಿರಳವಾಗುತ್ತವೆ. ತೊಟ್ಟಿಲ ಶಾಸ್ತ್ರ ಮುಗಿದಿರುತ್ತದೆ, ನೆಂಟರು ಹೊರಟಿರುತ್ತಾರೆ, ಗಂಡ ಕೆಲಸಕ್ಕೆ ಮರಳಿರುತ್ತಾನೆ. ಸೀಮಂತಕ್ಕೆ ಬಂದು ಮಡಿಲು ತುಂಬಿದವರು ಮತ್ತೊಮ್ಮೆ ಬರಬೇಕಾದ ಕಾಲ ಅದೇ. ಬಂದವರು ಮಗುವಿನ ಕಡೆ ನೋಡುವ ಮೊದಲು ತಾಯಿಯ ಕಡೆ ನೋಡಲಿ. ರಾತ್ರಿ ನಿದ್ರೆ ಬರುತ್ತಿದೆಯೇ, ಮನಸ್ಸು ಹೇಗಿದೆ ಎಂದು ಕೇಳಲಿ. ಹೊರಡುವ ಮುನ್ನ ತಂದೆಯನ್ನೂ ಹಾಗೆಯೇ ಕೇಳಲಿ. ಕೇಳಿದ ಮೇಲೆ ಉತ್ತರ ಬರುವವರೆಗೆ ಕುಳಿತಿರಲಿ.